ಕಂಬದ ಮಚ್ಚು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಐವತ್ತೆರಡರಲ್ಲಿ, ಏಳನೆಯ ಕ್ಲಾಸಿನ ಲೆಕ್ಕದ ಪರೀಕ್ಷೆಯ ದಿನ. ನಿಲ್ಲಿಸಿದೆ ಎಂದು ನಾನು ಹೇಳುತ್ತೇನೆ. ನಿಂತಿತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಪ್ರಶ್ನೆ ಹೀಗಿತ್ತು: ನಾಲ್ಕು ಆಳು ಒಂದು ರಾಗಿ ಹೊಲವನ್ನು ಎಂಟು ದಿನದಲ್ಲಿ ಕುಯ್ದರೆ ಎಂಟು ಆಳು ಅದೇ ಹೊಲವನ್ನು ಎಷ್ಟು ದಿನದಲ್ಲಿ ಕುಯ್ಯುತ್ತಾರೆ? ನಾನು ಎದ್ದು ನಿಂತು, "ಕುಡುಗೋಲು ಯಾರು ಮಾಡಿದ್ದು ಸಾರ್?" ಎಂದು ಕೇಳಿದೆ. ತಮಾಷೆಗೆ ಕೇಳಿದ್ದಲ್ಲ. ನಮ್ಮಪ್ಪ ಬಡಿದ ಕುಡುಗೋಲಾದರೆ ಒಂದು ಉತ್ತರ, ಸಂತೆಯಲ್ಲಿ ರಾಶಿ ಹಾಕಿ ಮಾರುವ ಕುಡುಗೋಲಾದರೆ ಬೇರೆ ಉತ್ತರ. ಮೇಷ್ಟ್ರು ತಮ್ಮ ಉತ್ತರವನ್ನು ನನ್ನ ಬೆನ್ನಿನ ಮೇಲೆ ಬರೆದರು. ಅವತ್ತು ಮಧ್ಯಾಹ್ನ ಮನೆಗೆ ಬಂದು ಕುಲುಮೆಯ ತಿದಿಯ ಹಗ್ಗ ಹಿಡಿದವನು ಇವತ್ತಿನವರೆಗೂ ಬಿಟ್ಟಿಲ್ಲ. ನನ್ನ ಪ್ರಶ್ನೆ ಸರಿಯಾಗಿತ್ತು ಎಂದೇ ಈಗಲೂ ನನ್ನ ನಂಬಿಕೆ. ಅದು ಅರ್ಧ ಮಾತ್ರ ಸರಿ ಎಂದು ತಿಳಿಯಲು ಇಪ್ಪತ್ತೆರಡು ವರ್ಷ ಬೇಕಾಯಿತು. ಆ ಕತೆಯನ್ನೇ ಈಗ ಹೇಳಹೊರಟಿದ್ದೇನೆ.

ಪರೀಕ್ಷೆಗೆ ಹೆದರಿ ಓಡಿಬಂದವನ ಹಣೆಬರಹ ನೋಡಿ: ನನ್ನ ಕಸುಬಿನಲ್ಲಿ ದಿನಾ ಪರೀಕ್ಷೆ. ನಮ್ಮೂರು ಜವನಗೊಂಡನಹಳ್ಳಿಯ ಮುಂದೆ ಹೋಗುವ ದೊಡ್ಡ ರಸ್ತೆಯ ಗುಂಡಿಗಳ ದಯೆಯಿಂದ ಲಾರಿಗಳ ಕಮಾನುಪಟ್ಟಿಗಳು ಮುರಿಯುತ್ತಲೇ ಇರುತ್ತವೆ. ಮುರಿದದ್ದು ನನ್ನ ಕುಲುಮೆಗೆ ಬರುತ್ತದೆ. ಮೂರು ರಾಜ್ಯದ ಭಾರ ಹೊತ್ತು ಬಂದ ಕಬ್ಬಿಣ ಅದು, ಅದಕ್ಕೆ ಹೊಸದಾಗಿ ಬುದ್ಧಿ ಹೇಳಬೇಕಾಗಿಲ್ಲ. ಕೆಂಪಗೆ ಕಾಯಿಸಿ, ಬಡಿದು, ಬಗ್ಗಿಸಿ, ಒಂದು ಮೊಳಕ್ಕೆ ನಾಲ್ಕು ಬೆರಳು ಹೆಚ್ಚೇ ಇರುವ ಮಚ್ಚು ಮಾಡುತ್ತೇನೆ. ಮಾಡುವುದು ಎರಡು ದಿನದ ಕೆಲಸ. ಅದು ಕಡಿಯುತ್ತದೆ ಎಂದು ಜನರನ್ನು ನಂಬಿಸುವುದಿದೆಯಲ್ಲ, ಅದು ಹದಿನೈದು ದಿನದ ಕೆಲಸ.

ಯಾಕೆಂದರೆ ಮಚ್ಚು ಹೇಗೆ ಕಡಿಯಬೇಕು ಎನ್ನುವುದರಲ್ಲಿ ಇಬ್ಬರು ಒಪ್ಪಿದ್ದನ್ನು ನಾನು ನೋಡಿಲ್ಲ. ನನ್ನ ಪರೀಕ್ಷೆ ಎಡಗೈಯ ಮೇಲಿನ ಕೂದಲು. ಅಲಗನ್ನು ಸೋಕಿಸಿದರೆ ಸಾಕು, ಹುಲ್ಲು ಕುಯ್ದ ಹಾಗೆ ಬರಬೇಕು. ಹೀಗೆ ಪರೀಕ್ಷಿಸಿ ಪರೀಕ್ಷಿಸಿ ನನ್ನ ಎಡಗೈ ಸದಾ ನುಣ್ಣಗಿರುತ್ತದೆ. "ನಿಮ್ದು ಒಂದು ಕೈ ಮದಲಿಂಗಂದು, ಇನ್ನೊಂದು ಕರಡೀದು" ಎಂದು ನನ್ನ ಹೆಂಡತಿ ಗೌರಮ್ಮ ಮದುವೆಯಾದ ವರ್ಷವೇ ಹೇಳಿದ್ದಳು. ಅವಳ ಪರೀಕ್ಷೆ ಸಿಹಿಗುಂಬಳ. ಗಟ್ಟಿ ಸಿಪ್ಪೆಯ ದೊಡ್ಡ ಕುಂಬಳಕಾಯಿ ಒಂದೇ ಏಟಿಗೆ ಎರಡು ಹೋಳಾಗಿ, ಎರಡೂ ಹೋಳು ಅಲ್ಲಾಡದೆ ಕೂತಿರಬೇಕು. ಅವಳ ಪರೀಕ್ಷೆಯ ಒಂದೇ ತೊಂದರೆ ಎಂದರೆ ಆಮೇಲೆ ನಾಲ್ಕು ದಿನ ಮನೆಯಲ್ಲಿ ಕುಂಬಳಕಾಯಿ ಪಲ್ಯ, ಐದನೆಯ ದಿನ ಕುಂಬಳಕಾಯಿ ಹುಳಿ.

ಎಲ್ಲರಿಗಿಂತ ಕಠಿಣ ಪರೀಕ್ಷೆ ಕುರಿ ಕಾಯುವ ಕರಿಯಣ್ಣನದು. ಕಂಬಳಿ ಹೊದ್ದು, ಹಲ್ಲಿಲ್ಲದ ಬಾಯಲ್ಲಿ ಎಲೆಯಡಿಕೆ ಕುಟ್ಟಿ ಹಾಕಿಕೊಂಡು ಬರುವ ಮುದುಕ. ಮರಿಗಳಿಗೆ ಸೊಪ್ಪು ಕಡಿದು ಹಾಕಿಯೇ ಅರವತ್ತು ವರ್ಷ ಕಳೆದವನು. ಅವನು ಮಚ್ಚನ್ನು ನೋಡುವುದೇ ಇಲ್ಲ. ಕರಿಜಾಲಿಯ ಕೊಂಬೆಯೊಂದಕ್ಕೆ ಒಂದು ಏಟು ಹಾಕಿ, ಮಚ್ಚನ್ನು ಪಕ್ಕಕ್ಕಿಟ್ಟು, ಕಡಿದ ಕೊಂಬೆಯ ತುದಿಗೆ ತನ್ನ ಕೆನ್ನೆ ಇಡುತ್ತಾನೆ, ಎಳೆ ಮಗುವಿಗೆ ಜ್ವರ ನೋಡುವ ಹಾಗೆ ಕಣ್ಣು ಮುಚ್ಚಿ. ನುಣ್ಣಗಿದ್ದರೆ "ಹೂಂ" ಎನ್ನುತ್ತಾನೆ. ಸ್ವಲ್ಪ ತರಿ ಇದ್ದರೆ ಏನೂ ಹೇಳದೆ ಕಂಬಳಿ ಸರಿಮಾಡಿಕೊಂಡು ಹೊರಟುಬಿಡುತ್ತಾನೆ. ಆ ಮೌನಕ್ಕಿಂತ ನಮ್ಮ ಮೇಷ್ಟ್ರ ಬೆತ್ತವೇ ವಾಸಿ.

ಚಿತ್ರದುರ್ಗದ ಕೋಟೆ ನೋಡಹೋದವರೆಲ್ಲ ಬಂಡೆ ನೋಡಿ ಬಾಯಿ ಬಿಡುತ್ತಾರೆ. ನಾನು ಬಂಡೆ ಸೀಳಲು ಸಾಲಾಗಿ ಕೊರೆದ ಗುಳಿಗಳನ್ನು ನೋಡುತ್ತಾ ನಿಲ್ಲುತ್ತೇನೆ. ಒಂದೊಂದು ಗುಳಿಗೂ ಎಷ್ಟು ಉಳಿ ಮೊಂಡಾಗಿರಬೇಕು, ಎಷ್ಟು ಕುಲುಮೆ ಹಗಲೆಲ್ಲ ಉರಿದಿರಬೇಕು. ರಾಜರ ಹೆಸರು ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಉಳಿ ಹದ ಮಾಡಿದವನ ಹೆಸರು ಹೇಳುವವರಿಲ್ಲ. ಮಾರಿಕಣಿವೆಯ ಕಟ್ಟೆಗೆ ಕಲ್ಲು ಒಡೆಯುವಾಗ ನಮ್ಮ ತಾತ ಅಲ್ಲಿ ಉಳಿಗಳಿಗೆ ಬಾಯಿ ಬಡಿಯುತ್ತಿದ್ದನಂತೆ. ಹೆಚ್ಚು ಕೂಲಿಯೇನೂ ಸಿಗಲಿಲ್ಲವಂತೆ. ಆದರೆ ಸಾಯುವವರೆಗೂ ಯಾರಾದರೂ ಕಟ್ಟೆಯ ಮಾತೆತ್ತಿದರೆ, "ಈಗಲೂ ನೀರು ನಿಂತೈತಾ?" ಎಂದು ಕೇಳುತ್ತಿದ್ದ. ನಿಂತಿದೆ ಎಂದರೆ ತಲೆಯಾಡಿಸುತ್ತಿದ್ದ. ಇಂಥವನ ಮೊಮ್ಮಗ ನಾನು. ನನಗೆ ಜಂಭ ಇದೆ ಎಂದು ಜನ ಹೇಳುತ್ತಾರೆ. ಇದೆ. ಅದು ಮೂರು ತಲೆಮಾರಿನದು, ನಾನೊಬ್ಬನೇ ಸಂಪಾದಿಸಿದ್ದಲ್ಲ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಆ ಜಂಭಕ್ಕೆ ಕೈ ಹಾಕಿದವರು ಹಿರಿಯೂರಿನ ಕಬ್ಬಿಣದ ಅಂಗಡಿಯ ಬಾಷಾ ಸಾಬರು. ಅವರ ಅಂಗಡಿಗೆ ಹೊಸದುರ್ಗ, ಹೊಳಲ್ಕೆರೆ ಕಡೆಯ ತೋಟದವರೂ ಬರುತ್ತಾರೆ. ನನ್ನ ಮಚ್ಚುಗಳು ಅಪ್ಪನ ಕಾಲದಿಂದ ಅಲ್ಲಿ ನೇತಾಡುತ್ತಿದ್ದವು. ಅವತ್ತು ಅರ ತರಲು ಹೋಗಿ ನೋಡಿದರೆ ನನ್ನವು ಮೂಲೆಯ ಡಬ್ಬದಲ್ಲಿ ಬಿದ್ದಿವೆ, ಬಾಗಿಲಲ್ಲಿ ಯಾವುದೋ ದೂರದೂರಿನ ಕಾರ್ಖಾನೆಯ ಮಚ್ಚುಗಳು ನೀಲಿ ಬಣ್ಣ ಬಳಿದುಕೊಂಡು, ಹೊಟ್ಟೆಗೆ ಚೀಟಿ ಅಂಟಿಸಿಕೊಂಡು ಸಾಲಾಗಿ ತೂಗುತ್ತಿವೆ.

"ಬೇಜಾರ್ ಮಾಡ್ಕಬ್ಯಾಡ್ರಿ ಆಚಾರ್ರೇ" ಎಂದರು ಸಾಬರು. "ಗಿರಾಕಿ ಇದನ್ನೇ ಕೇಳ್ತಾನೆ. ನೋಡ್ರಿ, ಎಂಗೆ ಹೊಳಿತೈತೆ."

"ಹೊಳೆಯೋದು ಬೇಕಾದ್ರೆ ಕನ್ನಡಿ ಮಾರ್ರಿ ಸಾಬ್ರೇ. ಮಚ್ಚು ಅಂದ್ಮೇಲೆ ಕಡೀಬೇಕು."

"ಹಂಗಾದ್ರೆ ಕಡಿದು ತೋರಿಸ್ರಿ. ಒಂದಿನ ಎರಡನ್ನೂ ಎದುರಿಗಿಟ್ಟು ನೋಡಾಣ. ನಿಮ್ದು ಗೆದ್ರೆ ಇವನ್ನ ಇಳಿಸಿ ನಿಮ್ಮವನ್ನೇ ಬಾಗ್ಲಾಗೆ ನೇತಾಕ್ತೀನಿ. ಸೋತ್ರೆ ಮತ್ತೆ ಮಚ್ಚಿನ ಮಾತು ಎತ್ತಬ್ಯಾಡ್ರಿ. ನೇಗಿಲ ಕುಳ ಬಡ್ಕಂಡು ಆರಾಮಾಗಿರ್ರಿ."

ಕುಳ ಬಡಿಯುವುದು ಕೀಳು ಕೆಲಸ ಎಂದಲ್ಲ. ಆದರೆ ಮಚ್ಚು ಮಾಡದ ಕಮ್ಮಾರ ಎಂದರೆ ಅನ್ನ ಮಾತ್ರ ಮಾಡಲು ಬರುವ ಅಡುಗೆಯವನಿದ್ದ ಹಾಗೆ. ಹೊಟ್ಟೆ ತುಂಬುತ್ತದೆ, ಯಾರೂ ನೆನೆಸಿಕೊಳ್ಳುವುದಿಲ್ಲ. ಒಪ್ಪಿಕೊಂಡು ಬಂದೆ. ತೀರ್ಪು ಹೇಳಲು ಕರಿಯಣ್ಣ ಆಗಬಹುದೆಂದು ಸಾಬರೇ ಅಂದರು. ಅವನ ಕೆನ್ನೆಯ ಕೀರ್ತಿ ಹಿರಿಯೂರಿನವರೆಗೂ ಹೋಗಿತ್ತು.

ಮುಂದಿನ ಹದಿನೈದು ದಿನ ನಮ್ಮ ಬೀದಿಗೆ ನೆಮ್ಮದಿ ಇರಲಿಲ್ಲ. ಇದ್ದುದರಲ್ಲೇ ಒಳ್ಳೆಯ ಕಮಾನುಪಟ್ಟಿ ಆರಿಸಿ ಮಚ್ಚು ಬಡಿದು, ಹದ ಹಾಕಿ, ಸಾಣೆ ಹಿಡಿದೆ. ಆಮೇಲೆ ಕಂಡದ್ದನ್ನೆಲ್ಲ ಕಡಿಯತೊಡಗಿದೆ. ಎಳನೀರು, ಒಣ ತೆಂಗಿನಕಾಯಿ, ಹಳೆಯ ತೊಗಲಿನ ಮಿಣಿ, ಎತ್ತಿನ ಗಾಡಿಯ ಮುರಿದ ಗೂಟ. ಹೀರೇಕಾಯಿ ಚಪ್ಪರದ ಒಂದು ಕಾಲು ಒಣಗಿದೆಯೇ ಎಂದು ನೋಡಲು ಹೋಗಿ ಕಡಿದುಬಿಟ್ಟೆ, ಚಪ್ಪರ ಗೌರಮ್ಮನ ತಲೆಯ ಮೇಲೆ ಕೂತಿತು. ಅವಳು ಬಳ್ಳಿಯೊಳಗಿನಿಂದಲೇ, "ಕಡಿತೈತೆ ಬಿಡ್ರಿ, ಗೊತ್ತಾಯ್ತು" ಎಂದಳು. ನಾನು ಮಚ್ಚು ಹಿಡಿದು ಹೊರಗೆ ಬಂದರೆ ಬೀದಿಯವರು ಎದ್ದು ತಮ್ಮ ತಮ್ಮ ಮರಕ್ಕೆ ಒರಗಿ ನಿಂತುಕೊಳ್ಳುತ್ತಿದ್ದರು. ಕೊನೆಗೆ ಕರಿಯಣ್ಣ ಬಂದು ಹಳ್ಳದ ದಂಡೆಯ ಕರಿಜಾಲಿಯ ತೋಳುದಪ್ಪದ ಕೊಂಬೆಗೆ ಒಂದೇ ಏಟು ಹಾಕಿದ. ಕೆನ್ನೆ ಇಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ನಿದ್ದೆ ಬಂತೇನೋ ಎಂದುಕೊಂಡೆ.

"ಹೂಂ" ಎಂದ. ಆಮೇಲೆ ಎಂದೂ ಹೇಳದ ಇನ್ನೊಂದು ಮಾತು ಹೇಳಿದ: "ನಿಮ್ಮ ತಾತ ನೋಡಬೇಕಿತ್ತು ಕಣ್ಲಾ."

ಆ ಮಾತೇ ನನ್ನನ್ನು ಕೆಡಿಸಿತು.

ಇಲ್ಲಿ ನಿಮಗೆ ನಮ್ಮ ಕುಲುಮೆಯ ಒಂದು ಗುಟ್ಟು ಹೇಳಬೇಕು. ಮಚ್ಚಿನ ಅಲಗಿಗೆ ಹಿಂದೆ ಒಂದು ಬಾಲ ಇರುತ್ತದೆ, ಅದು ಮರದ ಹಿಡಿಯೊಳಗೆ ಹೋಗಿ ಕೂರಬೇಕು. ಪರೀಕ್ಷೆಯ ಕಾಲದಲ್ಲಿ ನಾವು ಹೊಸ ಹಿಡಿ ಹಾಕುವುದಿಲ್ಲ. ತಾತನ ಕಾಲದ ಒಂದು ಹಳೆಯ ಹಿಡಿ ಇದೆ, ಅಂಗೈ ಸವೆಸಿ ಸವೆಸಿ ಕನ್ನಡಿಯಾಗಿರುವಂಥದ್ದು. ಪ್ರತಿ ಅಲಗನ್ನೂ ಅದರೊಳಗೆ ಬೆಣೆ ಹೊಡೆದು ಕೂರಿಸಿ ಪರೀಕ್ಷೆ ಮಾಡುತ್ತೇವೆ. ಪಾಸಾದ ಮೇಲೆ ಹೊಸ ಹಿಡಿ. ಹೊಸ ಹಿಡಿ ಮಾಡುವವನು ನನ್ನ ಭಾವಮೈದ ಮೌನೇಶ, ಗೌರಮ್ಮನ ತಮ್ಮ, ಬಡಗಿ. ಹೆಸರಿಗೆ ತಕ್ಕ ಹಾಗೆ ಮಾತು ಕಮ್ಮಿ, ಆದರೆ ಆಡಿದ ಮಾತು ಮೊಳೆ ಹೊಡೆದ ಹಾಗೆ. ನಮ್ಮಿಬ್ಬರ ನಡುವೆ ಕಬ್ಬಿಣ ಹೆಚ್ಚೋ ಕಟ್ಟಿಗೆ ಹೆಚ್ಚೋ ಎನ್ನುವ ವ್ಯಾಜ್ಯ ಮದುವೆಯ ಚಪ್ಪರದಲ್ಲೇ ಶುರುವಾದದ್ದು.

ಕರಿಯಣ್ಣ ಕಡಿದ ಕೊಂಬೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಮೌನೇಶನ ಬಳಿ ಹೋದೆ. ಈ ಮಚ್ಚು ಕಡಿದ ಮರದಿಂದಲೇ ಈ ಮಚ್ಚಿಗೆ ಹಿಡಿ ಆಗಬೇಕು, ಅದೊಂದು ಚಂದ ಎಂದು ನನ್ನ ತಲೆಯಲ್ಲಿ ಕೂತಿತ್ತು. ಓದು ಬಿಟ್ಟವನಿಗೂ ಒಮ್ಮೊಮ್ಮೆ ಕವಿತೆ ಹತ್ತುತ್ತದೆ.

ಮೌನೇಶ ಕೊಂಬೆಯನ್ನು ಮೂಸಿ ನೋಡಿದ. "ಹಸಿ ಐತೆ ಭಾವ. ನೆಳ್ಳಾಗೆ ಎರಡು ತಿಂಗ್ಳು ಒಣಗಬೇಕು. ಅಟ್ಟದ ಮ್ಯಾಲೆ ಒಣಗಿದ್ದು ಐತೆ, ಅದ್ರಾಗೆ ಮಾಡಿಕೊಡ್ತೀನಿ."

"ಕಡಿಯೋದು ಕಬ್ಬಿಣ ಕಣೋ, ಕಟ್ಟಿಗೆ ಅಲ್ಲ."

"ಕಬ್ಬಿಣಾನ ಹಿಡ್ಕಳ್ಳಾದು ಕಟ್ಟಿಗೆ."

"ನೀನು ಹಿಡಿ ಮಾಡಿದ್ರೆ ಮಾಡು, ಪಾಠ ಮಾಡಬ್ಯಾಡ."

"ಹಂಗಾದ್ರೆ ಎರಡೂ ಮಾಡಲ್ಲ" ಎಂದು ಅವನು ಉಳಿ ಕೆಳಗಿಟ್ಟ. ನಾನು ಕೊಂಬೆ ಎತ್ತಿಕೊಂಡು ಬಂದೆ. ನಾನೇ ಕೆತ್ತಿದೆ, ನಾನೇ ತೂತು ಸುಟ್ಟೆ, ಬಾಲ ಕೂರಿಸಿ ಅರಗು ಹೊಯ್ದೆ. ಹಿಡಿ ಚೆನ್ನಾಗಿಯೇ ಕಂಡಿತು. ಬೇಸಿಗೆಯ ಬಿಸಿಲಿಗೆ ಇಟ್ಟು ಐದು ದಿನ ಒಣಗಿಸಿದೆ. ಹಸಿ ಮರ ಒಣಗಿದರೆ ತೂತು ಸಡಿಲವಾಗುತ್ತದೆ ಎನ್ನುವುದು ಬಡಗಿಯ ಮನೆಯ ಕೂಸಿಗೂ ಗೊತ್ತು. ನಾನು ಕಮ್ಮಾರ.

ಸಾಬರು ಗೊತ್ತುಮಾಡಿದ ದಿನ ಕರಿಯಣ್ಣನೂ ನಾನೂ ಹಿರಿಯೂರಿಗೆ ಬಸ್ಸು ಹತ್ತಿದೆವು. ನಿಲ್ಲಲೂ ಜಾಗವಿಲ್ಲದ ಬಸ್ಸು. ಮಚ್ಚನ್ನು ಟವೆಲಿನಲ್ಲಿ ಸುತ್ತಿದ್ದೆ, ತುದಿ ಸ್ವಲ್ಪ ಹೊರಗಿತ್ತು. ನನಗೆ ಮೂವರು ಕೂರುವ ಸೀಟು ಒಬ್ಬನಿಗೇ ಸಿಕ್ಕಿತು. ಕಂಡಕ್ಟರು ಟಿಕೆಟ್ಟು ಕೊಟ್ಟವನು ಚಿಲ್ಲರೆಯನ್ನೂ ಸರಿಯಾಗಿ ಕೊಟ್ಟ. ದಾರಿಯುದ್ದಕ್ಕೂ ತೊಡೆಯ ಮೇಲಿನ ಟವೆಲಿನೊಳಗೆ ಟಕ್ ಟಕ್ ಎಂದು ಸಣ್ಣ ಸದ್ದು. ಬಸ್ಸಿನ ಕಿಟಕಿ ಅಲುಗುತ್ತಿದೆ ಎಂದುಕೊಂಡೆ. ಸರಕಾರದ ಬಸ್ಸನ್ನು ಮನಸ್ಸಿನಲ್ಲೇ ಬೈದೆ ಕೂಡ.

ಅಂಗಡಿಯ ಮುಂದೆ ಆಗಲೇ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಸಾಬರು ಬಾಗಿಲ ಪಕ್ಕದ ಹುಣಸೆಮರದ ಕಂಬಕ್ಕೆ ಒರಗಿ, ಟೋಪಿ ಸರಿಮಾಡಿಕೊಂಡು ಕೂತಿದ್ದರು. ಮೊದಲು ಒಣ ತೆಂಗಿನಕಾಯಿ, ನಾರು ಸಮೇತ. ಕಾರ್ಖಾನೆಯ ಮಚ್ಚನ್ನು ಅಂಗಡಿಯ ಹಮಾಲಿ ಹಿಡಿದ, ಗಟ್ಟಿ ಆಳು. ಮೂರು ಏಟು ಬೇಕಾಯಿತು. ನಾನು ಒಂದೇ ಏಟಿಗೆ ಎರಡು ಹೋಳು ಮಾಡಿದೆ. ಕರಿಯಣ್ಣ ಹೋಳಿಗೆ ಕೆನ್ನೆ ಇಟ್ಟು "ಹೂಂ" ಎಂದ. ಜನ ನನ್ನ ಕಡೆ ಸರಿದು ನಿಂತರು.

ಎರಡನೆಯದು ಒಣಗಿದ ಜಾಲಿಯ ದಿಮ್ಮಿ. ಹಮಾಲಿ ಏಳು ಏಟು ಹಾಕಿದ; ದಿಮ್ಮಿ ತುಂಡಾಯಿತು, ಆದರೆ ನೀಲಿ ಮಚ್ಚಿನ ಬಾಯಿ ಎರಡು ಕಡೆ ಮಡಿಚಿತ್ತು. ನಾನು ಮೊದಲ ಏಟು ಹಾಕಿದೆ. ಅರ್ಧ ದಿಮ್ಮಿ ಹೋಯಿತು. ಇನ್ನೊಂದು ಏಟು ಬಿದ್ದರೆ ಮುಗಿಯುತ್ತಿತ್ತು. ಮಾಮೂಲಿ ಏಟು ಸಾಕಾಗಿತ್ತು. ಆದರೆ ಮೂರು ತಲೆಮಾರಿನ ಜಂಭ ಒಟ್ಟಿಗೆ ತೋಳಿಗೆ ಬಂತು ನೋಡಿ, ಮಚ್ಚನ್ನು ಆಕಾಶಕ್ಕೆ ಎತ್ತಿದೆ, ಜನ ನೋಡಲಿ ಎಂದು ಅರೆಗಳಿಗೆ ಅಲ್ಲೇ ಹಿಡಿದೆ, ಆಮೇಲೆ ಇಳಿಸಿದೆ.

ದಿಮ್ಮಿಯ ಮೇಲೆ ಟಕ್ ಎಂದು ಬಿದ್ದದ್ದು ಬರೀ ಹಿಡಿ.

ಅಲಗು ಎಲ್ಲಿ ಎಂದು ನಾನು ದಿಮ್ಮಿಯ ಸುತ್ತ ನೋಡಿದೆ. ಜನ ಯಾರೂ ದಿಮ್ಮಿಯನ್ನು ನೋಡುತ್ತಿರಲಿಲ್ಲ. ಸಾಬರ ಟೋಪಿಯಿಂದ ಎರಡು ಗೇಣು ಮೇಲೆ, ಹುಣಸೆಮರದ ಕಂಬದಲ್ಲಿ, ನಾಲ್ಕು ಬೆರಳು ಆಳಕ್ಕೆ ಹೂತು ಅಲಗು ನಿಂತಿತ್ತು. ಇನ್ನೂ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಸಾಬರು ಅಲ್ಲಾಡಲಿಲ್ಲ. ಕಣ್ಣು ಮಾತ್ರ ಮೇಲೆ ಹೋಗಿ ಕೆಳಗೆ ಬಂತು. ಆಮೇಲೆ ಬಾಯಿ ಬಿಟ್ಟರು.

"ಆಚಾರ್ರೇ, ದಿಮ್ಮಿ ಅಲ್ಲೈತೆ."

ಯಾರೋ ಒಬ್ಬ ನಕ್ಕ. ಆಮೇಲೆ ಬೀದಿಯೇ ನಕ್ಕಿತು. ನಾನು ಸಾಬರ ಕಾಲಿಗೆ ಬಿದ್ದೆ. ಅವರು "ಏಳ್ರಿ, ಏಳ್ರಿ, ಅಲ್ಲಾ ಇನ್ನೂ ನಾಲ್ಕು ದಿನ ಕೊಟ್ಟವ್ನೆ" ಎಂದು ಎಬ್ಬಿಸಿದರು. ಇಷ್ಟು ಗದ್ದಲದಲ್ಲಿ ಕರಿಯಣ್ಣ ಮಾತ್ರ ತನ್ನ ಕೆಲಸ ಮರೆತಿರಲಿಲ್ಲ. ಕಂಬದ ಹತ್ತಿರ ಹೋಗಿ, ಹಮಾಲಿಯ ಹೆಗಲು ಹಿಡಿದು ಕಲ್ಲಿನ ಮೇಲೆ ಹತ್ತಿ, ಅಲಗು ಕಂಬವನ್ನು ಹೊಕ್ಕ ಕಡೆ ಕೆನ್ನೆ ಇಟ್ಟು ಕಣ್ಣು ಮುಚ್ಚಿದ. ಜನ ನಗು ನಿಲ್ಲಿಸಿ ಕಾದರು. ಇಳಿದು ಬಂದು ಕಂಬಳಿ ಸರಿಮಾಡಿಕೊಂಡ.

"ಮಚ್ಚು ಪಾಸು" ಎಂದ. "ಆಚಾರಿ ಫೇಲು."

ಅಲಗನ್ನು ಕೀಳಲು ಹಮಾಲಿ ಎಳೆದ, ನಾನು ಎಳೆದೆ, ಇಬ್ಬರೂ ಸೇರಿ ಎಳೆದೆವು. ಬರಲಿಲ್ಲ. ಬರುವ ಹಾಗೆ ಕಡಿದಿದ್ದರೆ ತಾನೆ. ಕಂಬ ಸೀಳಿದರೆ ಅಂಗಡಿಯ ಮಾಡು ಕುಸಿಯುತ್ತದೆ. "ಇರ್ಲಿ ಬಿಡ್ರಿ" ಎಂದು ಸಾಬರು, ಎದುರಿಗೇ ಚಾಚಿದ್ದ ಅದರ ಬಾಲಕ್ಕೆ ಒಂದು ಹಗ್ಗ ಹಾಕಿ, ಆ ನೀಲಿ ಮಚ್ಚುಗಳ ಗೊಂಚಲನ್ನು ಅದಕ್ಕೇ ನೇತುಹಾಕಿದರು. "ಗೂಟ ಚಲೋ ಆಯ್ತು."

ನನ್ನ ಮಚ್ಚು ಬಾಗಿಲಲ್ಲಿರಬೇಕೆಂದು ಹಟ ಹಿಡಿದಿದ್ದೆ. ಬಾಗಿಲಲ್ಲೇ ಇತ್ತು.

ಊರಿಗೆ ಬಂದು ಮೂರು ದಿನ ಕುಲುಮೆ ಹಚ್ಚಲಿಲ್ಲ. ಆಗ ಸುಮ್ಮನೆ ಕೂತು ಯೋಚಿಸಿದ್ದು ಒಂದೇ: ನಾನು ಕಬ್ಬಿಣವನ್ನು ಏಳು ಸಲ ಪರೀಕ್ಷೆ ಮಾಡಿದೆ, ಏಳು ಸಲವೂ ತಾತನ ಹಿಡಿಯಲ್ಲಿ. ಪರೀಕ್ಷೆ ಬರೆದವನು ತಾತ, ಪಾಸಾದೆ ಎಂದು ಬೀಗಿದವನು ನಾನು. ನಾನು ಆಡಿಕೊಂಡಿದ್ದ ಆ ನೀಲಿ ಮಚ್ಚಿನ ಹಿಡಿಗೆ ಮೂರು ಮೊಳೆ ಹೊಡೆದಿದ್ದರು. ಬಾಯಿ ಮಡಿಚಿದರೂ ಅದು ಕೂದಲಷ್ಟೂ ಅಲುಗಿರಲಿಲ್ಲ. ಏಳನೆಯ ಕ್ಲಾಸಿನಲ್ಲಿ ಕುಡುಗೋಲು ಯಾರು ಮಾಡಿದ್ದು ಎಂದು ಕೇಳಿ ಕೂತುಬಿಟ್ಟೆ. ಹಿಡಿ ಯಾರು ಮಾಡಿದ್ದು ಎಂದೂ ಕೇಳಬೇಕಿತ್ತು. ಮೇಷ್ಟ್ರು ಇನ್ನೆರಡು ಏಟು ಹಾಕುತ್ತಿದ್ದರು, ಆದರೆ ಪ್ರಶ್ನೆ ಪೂರ್ತಿಯಾಗುತ್ತಿತ್ತು.

ನಾಲ್ಕನೆಯ ದಿನ ಸಾಬರು ಲಾರಿಯವನ ಕೈಲಿ ಹೇಳಿ ಕಳಿಸಿದರು. ಅಂಗಡಿಗೆ ಬಂದವರೆಲ್ಲ ನೀಲಿ ಮಚ್ಚುಗಳನ್ನು ಬಿಟ್ಟು ಅವುಗಳನ್ನು ಹೊತ್ತುಕೊಂಡಿರುವ ಗೂಟವನ್ನೇ ತಡವಿ ನೋಡುತ್ತಾರಂತೆ. ಹೊಸದುರ್ಗದ ಕಡೆಯ ತೋಟದವರೊಬ್ಬರು "ಈ ಕಂಬದ್ದು ಎಷ್ಟಕ್ಕೆ ಕೊಡ್ತೀರಿ?" ಎಂದು ಕೇಳಿದರಂತೆ. ಸಾಬರು ಹೇಳಿ ಕಳಿಸಿದ್ದು ಇಷ್ಟು: "ಕಂಬದಾಗಿರಾ ಅಂಥವು ಹನ್ನೆರಡು ಬೇಕು. ಒಂದೇ ಮಾತು, ಹಿಡಿ ಮಾತ್ರ ನಿಮ್ಮ ಭಾವಮೈದಂದು ಆಗಬೇಕು. ನನ್ನ ಟೋಪಿ ಒಂದೇ ಇರಾದು."

ಆ ಒಂದು ಮಾತನ್ನು ನುಂಗಲು ನನಗೆ ಎರಡು ದಿನ ಹಿಡಿಯಿತು, ಕುಂಬಳಕಾಯಿ ಪಲ್ಯದ ಜೊತೆಗೆ ನುಂಗಿದೆ. ಸಂಜೆ ಮೌನೇಶನ ಮನೆಗೆ ಹೋಗಿ ಜಗಲಿಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅವನು ಅಟ್ಟ ಹತ್ತಿ ಒಂದು ಕಟ್ಟು ತಂದು ನನ್ನ ಮುಂದೆ ಇಟ್ಟ. ಹನ್ನೆರಡು ಹಿಡಿ, ನುಣ್ಣಗೆ ಕೆತ್ತಿ ಎಣ್ಣೆ ಕುಡಿಸಿದವು. ಸಾಬರು ಅವನಿಗೆ ಮೊದಲೇ ಹೇಳಿ ಕಳಿಸಿದ್ದರೆಂದು ಆಗ ಹೊಳೆಯಿತು.

"ಒಣಗ್ಯಾವೇನೋ?" ಎಂದೆ. ಏನಾದರೂ ಕೇಳಬೇಕಲ್ಲ.

"ಕೆನ್ನೆ ಇಟ್ಟು ನೋಡ್ರಿ ಭಾವ" ಎಂದ.

ಅವತ್ತಿನಿಂದ ನಮ್ಮ ಕುಲುಮೆಯಲ್ಲಿ ಒಂದು ಪರೀಕ್ಷೆ ಹೆಚ್ಚಾಗಿದೆ. ಮಚ್ಚಿಗೆ ಅದರದೇ ಹಿಡಿ ಹಾಕಿದ ಮೇಲೆ ಅಲಗನ್ನು ಬೇವಿನಮರದ ಕೊಂಬೆಗೆ ಬಲವಾಗಿ ಕಟ್ಟುತ್ತೇವೆ, ಬಾಯಿಗೆ ಗೋಣಿ ಸುತ್ತಿ. ಮೌನೇಶ ಹಿಡಿಗೆ ಜೋತುಬಿದ್ದು, ಎರಡೂ ಕಾಲು ಮಡಿಚಿ, ಒಂದರಿಂದ ಐವತ್ತರವರೆಗೆ ಎಣಿಸುತ್ತಾನೆ. ದಾರಿಹೋಕರು ನಿಂತು ನೋಡುತ್ತಾರೆ. ಅವನು ವರ್ಷದಿಂದ ವರ್ಷಕ್ಕೆ ದಪ್ಪಗಾಗುತ್ತಿದ್ದಾನೆ, ಹಾಗಾಗಿ ನಮ್ಮ ಮಚ್ಚುಗಳು ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿವೆ.

ಓದು ಬಿಟ್ಟು ಏನು ಸಂಪಾದಿಸಿದೆ ಎಂದು ಯಾರಾದರೂ ಕೇಳಿದರೆ ಹೇಳಲು ನನ್ನ ಬಳಿ ಲೆಕ್ಕವಿದೆ. ಒಂದು ಕುಲುಮೆ. ಎರಡು ತಿದಿ, ಒಂದಕ್ಕೆ ತೇಪೆ. ಮೂರು ಸುತ್ತಿಗೆ. ಒಬ್ಬ ಹೆಂಡತಿ, ಒಬ್ಬ ಭಾವಮೈದ. ಕೂದಲಿರುವ ಕೈ ಒಂದು, ಇಲ್ಲದ ಕೈ ಒಂದು. ತಾತನ ಹಿಡಿ ಒಂದು. ಹಿರಿಯೂರಿನ ಕಂಬದಲ್ಲಿ ಹಿಡಿಯಿಲ್ಲದ ಅಲಗು ಒಂದು. ಇಲ್ಲಿ ಕುಲುಮೆಯ ಮೇಲಿನ ಮೊಳೆಗೆ, ಬಂದವರಿಗೆಲ್ಲ ಕಾಣುವ ಹಾಗೆ, ಅಲಗಿಲ್ಲದ ಹಿಡಿ ಒಂದು.